ಹಾಲಸಿದ್ದಪ್ಪ ಮೈಕಿನಲ್ಲಿ ಕೊಟ್ಟ ಮಾತು

ಬಳ್ಳಾರಿಯ ಕೌಲ್ ಬಜಾರಿನಲ್ಲಿ, ವೆಲ್ಡಿಂಗ್ ಅಂಗಡಿಗೂ ಹಾಸಿಗೆ ಹೊಲಿಯುವವರ ಅಂಗಡಿಗೂ ನಡುವೆ, ಹಾಲಸಿದ್ದಪ್ಪನ ಮೈಕ್‌ಸೆಟ್ ಅಂಗಡಿ ಇದೆ. ಮದುವೆ, ಉರುಸು, ಗಣಪತಿ, ಸತ್ತವರ ಮನೆಯ ಭಜನೆ, ಎಲ್ಲದಕ್ಕೂ ಅವನ ಸ್ಪೀಕರುಗಳು ಹೋಗುತ್ತವೆ. ಸ್ಪೀಕರು ಬಾಡಿಗೆಗೆ ಕೊಡುವವರು ಆ ಬಜಾರಿನಲ್ಲಿ ಬೇರೆಯವರೂ ಇದ್ದಾರೆ. ಅದರ ಜೊತೆಗೆ ತನ್ನ ಧ್ವನಿಯನ್ನೂ ಕೊಡುವವನು ಇವನೊಬ್ಬನೇ. ಆಟೋದ ಹಿಂದಿನ ಸೀಟಿನಲ್ಲಿ ಕುಳಿತು, ಮೈಕನ್ನು ಬಾಯಿಗೆ ಸ್ವಲ್ಪ ಓರೆಯಾಗಿ ಹಿಡಿದು ಮಾತು ಶುರು ಮಾಡಿದನೆಂದರೆ, ನಳದ ಮುಂದೆ ಜಗಳವಾಡುತ್ತಿದ್ದ ಹೆಂಗಸರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಕುರುಗೋಡಿನ ಶಾಲೆಯಲ್ಲಿ ಅವನು ನನ್ನ ವಿದ್ಯಾರ್ಥಿಯಾಗಿದ್ದ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯ ಸುದ್ದಿ ಓದುವುದು ಅವನ ಕೆಲಸ. ಓದಿದ ಸುದ್ದಿಗೆ ತನ್ನದೂ ಒಂದು ಮಾತು ಸೇರಿಸುತ್ತಿದ್ದ. ಮುಂಗಾರು ತಡವಾಗಲಿದೆ ಎಂದು ಪತ್ರಿಕೆಯಲ್ಲಿದ್ದರೆ, "ಆದರೂ ನಮ್ಮೂರಿಗೆ ಬರುತ್ತದೆ" ಎಂದು ಮುಗಿಸುತ್ತಿದ್ದ. ಸಾಲಿನಲ್ಲಿ ನಿಂತ ಮಕ್ಕಳಿಗೆ ಖುಷಿಯಾಗುತ್ತಿತ್ತು. ನಾವು ಮಾಸ್ತರರೂ ನಗುತ್ತಿದ್ದೆವು.

ಅದೇ ತರಗತಿಯಲ್ಲಿ ಓಬಣ್ಣನಿದ್ದ. ಅವನ ತಂದೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ರಜೆ ಬಂದರೆ ಹುಡುಗನೂ ಅಲ್ಲಿಗೆ ಹೋಗಿ ಚೀಲ ಹೊರುತ್ತಿದ್ದ. ಬಹಳ ಒಳ್ಳೆಯ ಹುಡುಗ, ಆದರೆ ವೇದಿಕೆ ಹತ್ತಿಸಿದರೆ ಬಾಯಿ ಬಿಡುತ್ತಿರಲಿಲ್ಲ. ಶಾಲೆ ಬಿಟ್ಟು ಗಿರಣಿ ಸೇರಿದ. ಮುಂದೆ ಲಾರಿಗಳಿಗೆ ಚೀಲ ತುಂಬಿಸುವ ಗುತ್ತಿಗೆ ಹಿಡಿದ. ಹಮಾಲರ ಸಂಘಕ್ಕೆ ಅಧ್ಯಕ್ಷನಾದ, ತಾಲೂಕು ಪಂಚಾಯಿತಿಗೆ ಸದಸ್ಯನಾದ, ಕೊನೆಗೆ ವಿಧಾನಸಭೆಗೆ ನಿಂತ. ಮಾತು ಮಾತ್ರ ಬರಲೇ ಇಲ್ಲ. ಆದ್ದರಿಂದಲೇ ಹಾಲಸಿದ್ದಪ್ಪನನ್ನು ಕರೆಸಿದ.

ಓಬಣ್ಣನ ಚುನಾವಣೆಯ ಹಣ ಅವನ ಕೈಗೆ ಬರಲಿಲ್ಲ, ಅವನ ಕೈಯಿಂದ ಹೋಗಲೂ ಇಲ್ಲ. ಗಿರಣಿ ಮಾಲೀಕರೊಬ್ಬರು ಊಟ ವಹಿಸಿಕೊಂಡರು. ಇನ್ನೊಬ್ಬರು ಜೀಪುಗಳನ್ನು ಕೊಟ್ಟರು. ಬಾವುಟ, ಟವೆಲ್ಲು ಮತ್ತೊಬ್ಬರ ಪಾಲಿಗೆ ಹೋಯಿತು. ಮೈಕು, ಆಟೋ, ಡೀಸೆಲ್ಲಿನ ಭಾರ ಕಬ್ಬಿಣದ ಕಾರ್ಖಾನೆಯ ಗುತ್ತಿಗೆದಾರನೊಬ್ಬನದು. ಅವನು ಸಂಜೆ ಬಂದು ಬಾಡಿಗೆ ಕೊಟ್ಟು ಹೋಗುತ್ತಿದ್ದ. ಹಾಲಸಿದ್ದಪ್ಪ ತೆಗೆದುಕೊಳ್ಳುತ್ತಿದ್ದ. ಯಾಕೆ ಕೊಡುತ್ತೀರಿ ಎಂದು ಮದುವೆ ಮನೆಯವರನ್ನೂ ಅವನು ಎಂದೂ ಕೇಳಿದವನಲ್ಲ.

ಕೂಗಬೇಕಾದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನೀರಿನ ಬಗ್ಗೆ ಅದರಲ್ಲಿದ್ದದ್ದು ಇಷ್ಟೇ: ನೀರಾವರಿಗೆ ಆದ್ಯತೆ. ಊರೂರಿಗೂ ಹಾಲಸಿದ್ದಪ್ಪ ಅದನ್ನೇ ಹೇಳುತ್ತ ಬಂದ. ಆದರೆ ದೇಶನೂರು ಅವನ ಹೆಂಡತಿ ಚನ್ನವೀರಮ್ಮನ ತವರು. ಆಟೋ ಊರೊಳಗೆ ಬಂದಾಗ ಕಟ್ಟೆಯ ಮೇಲೆ ಮಾವ ವಿರೂಪಾಕ್ಷಪ್ಪನವರು ಕುಳಿತಿದ್ದರು. ಸುತ್ತ ಊರಿನ ಹಿರಿಯರಿದ್ದರು. ಭತ್ತದ ಗದ್ದೆಗಳಿಗೆ ನೀರು ಹಾಯಿಸುವ ಸರದಿಯಲ್ಲಿ ತಕರಾರು ಬಂದರೆ ಬಗೆಹರಿಸುತ್ತಿದ್ದವರು ವಿರೂಪಾಕ್ಷಪ್ಪನವರೇ. ಅಂಥವರ ಎದುರಿಗೆ ಅಳಿಯನಾದವನು ಬರೆದುಕೊಟ್ಟದ್ದನ್ನು ಓದಿ ಹೋಗುವುದು ಹೇಗೆ? ಹಾಲಸಿದ್ದಪ್ಪ ಹಾಳೆಯನ್ನು ಮಡಚಿ ಜೇಬಿಗಿಟ್ಟ.

"ನಾನು ನಿಮ್ಮೂರ ಅಳಿಯ ಹೇಳಾಕತ್ತೀನಿ, ಕೇಳ್ರಿ! ಓಬಣ್ಣ ಗೆದ್ದು ಬಂದ್ರ, ನಿಮ್ಮ ಎರಡನೇ ಬೆಳಿ ನೀರಿನ್ಯಾಗ ಒಂದು ಚೊಂಬು ನೀರೂ ಬ್ಯಾರೆಯವರಿಗೆ ಹೋಗಾಕ ಬಿಡಂಗಿಲ್ಲ. ಇದು ನಮ್ಮ ಮಾತು!"

ಓಣಿ ಓಣಿಯಲ್ಲಿ ಇದನ್ನೇ ಕೂಗಿದ. ಊರಿನವರಿಗೆ ಅದು ಪ್ರಚಾರವಾಗಿ ಕೇಳಿಸಲಿಲ್ಲ. ಮಗಳನ್ನು ಕೊಟ್ಟ ಮನೆಯವನು ಊರ ನಡುವೆ ನಿಂತು ಆಡಿದ ಮಾತಿಗೆ ಮಾವನ ಮನೆಯೇ ಜಾಮೀನು ಎಂದು ತಿಳಿದರು. ವಿರೂಪಾಕ್ಷಪ್ಪನವರೂ ಹಾಗೆಯೇ ತಿಳಿದರು. ಕೇಳಿದವರಿಗೆಲ್ಲ, "ನಮ್ಮ ಅಳಿಯಂದ್ರು ಹೇಳ್ಯಾರಲ್ಲ, ಇನ್ನೇನು?" ಎಂದರು. ದೇಶನೂರಿನ ಮತಗಳು ಓಬಣ್ಣನಿಗೆ ಬಿದ್ದವು. ಅವನು ಗೆದ್ದ.

ಗೆದ್ದ ಮೇಲೆ ಅವನು ಸದನಕ್ಕೆ ತಪ್ಪದೆ ಹೋಗುತ್ತಿದ್ದ. ಹಳ್ಳದ ಸೇತುವೆಯೊಂದರ ಬಗ್ಗೆ ಒಮ್ಮೆ ಪ್ರಶ್ನೆ ಕೇಳಿದ್ದನ್ನು ಬಿಟ್ಟರೆ ಎದ್ದು ನಿಂತು ಮಾತನಾಡಿದ್ದಿಲ್ಲ. ಯಾವ ಮಸೂದೆಗೂ ಅವನು ಬೇಡ ಎಂದದ್ದು ದಾಖಲಾಗಿಲ್ಲ. ಬೇಕು ಎಂದದ್ದೂ ದಾಖಲಾಗಿಲ್ಲ. ಎಲ್ಲವೂ ಧ್ವನಿಮತದಲ್ಲಿ ಮುಗಿಯುತ್ತಿದ್ದವು. ಕಾಲುವೆಯ ಎರಡನೇ ಬೆಳೆಯ ನೀರಿನಲ್ಲಿ ಕಾರ್ಖಾನೆಗಳಿಗೂ ಪಾಲು ಕೊಡುವ ಮಸೂದೆ ಬಂದಾಗಲೂ ಹಾಗೆಯೇ ಆಯಿತು.

ಮುಂದಿನ ಬೇಸಿಗೆಯಲ್ಲಿ ಚನ್ನವೀರಮ್ಮ ತೊಟ್ಟಿಲ ಕಾರ್ಯಕ್ಕೆಂದು ತವರಿಗೆ ಹೋದವಳು ಸಂಜೆಯ ಬಸ್ಸಿಗೇ ತಿರುಗಿ ಬಂದಳು. ಅಂಗಡಿಯಲ್ಲೇ ಒಂದು ಸ್ಪೀಕರಿನ ಮೇಲೆ ಕುಳಿತಳು.

"ಅಪ್ಪಾರು ಕಟ್ಟಿಗೆ ಹೋಗೋದು ಬಿಟ್ಟಾರ ರೀ. ನೀರಿನ ತಕರಾರಿಗೆ ಈಗ ಯಾರೂ ಕರಿಯಂಗಿಲ್ಲಂತ. ‘ನಿಮ್ಮ ಅಳಿಯನ್ನ ಕೇಳಿಕೊಂಡು ಬಂದು ನ್ಯಾಯ ಹೇಳ್ರಿ’ ಅಂದ್ರಂತ."

"ಯಾರಂದ್ರು?"

"ಯಾರಂದ್ರ ಏನು? ನಮ್ಮ ಸಂಗಮೇಶನೂ ನಕ್ಕ."

ಸಂಗಮೇಶ ಅವಳ ತಮ್ಮ. ಅವನೇ ಸದನದ ವಿಡಿಯೋವನ್ನು ಅಕ್ಕನ ಫೋನಿಗೆ ಹಾಕಿ ಕಳಿಸಿದ್ದ. ಭಾವನಿಗೆ ಧ್ವನಿ ಗುರುತಿದೆಯಲ್ಲ, ಓಬಣ್ಣ ಏನೆಂದ ಎಂದು ಕೇಳಿ ಹೇಳಲಿ ಎಂಬುದು ಅವನ ಸವಾಲು. ಹಾಲಸಿದ್ದಪ್ಪ ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದ. ಒಪ್ಪುವವರು ಹೌದು ಎನ್ನಿ ಎಂದು ಪೀಠದಿಂದ ಮಾತು ಬಂತು. ಒಂದು ಗದ್ದಲ ಎದ್ದಿತು. ಮಸೂದೆ ಅಂಗೀಕಾರವಾಗಿದೆ ಎಂದರು. ಮತ್ತೆ ಹಾಕಿದ. ಗದ್ದಲದೊಳಗೆ ಯಾರ ಧ್ವನಿಯೂ ಬೇರೆಯಾಗಲಿಲ್ಲ. ವೆಲ್ಡಿಂಗ್ ಅಂಗಡಿಯವನು ಬಂದು, "ಏನ್ ಭಾಯ್, ಜಗಳದ ಕ್ಯಾಸೆಟ್ ಹಾಕಿ ಕುಂತೀರಿ?" ಎಂದು ಕೇಳಿದ. ಇವನು ಸ್ಪೀಕರಿನ ವಯರನ್ನು ಕಿತ್ತ. ಸಿಟ್ಟು ಬರಬೇಕಿತ್ತು, ಬರಲಿಲ್ಲ ಎಂದು ನನಗೆ ಹೇಳಿದ.

ಮರುದಿನ ಸಿರುಗುಪ್ಪಕ್ಕೆ ಹೋದ. ಶಾಸಕರ ಮನೆಯ ಮುಂದೆ ಜನ ಕಾಯುತ್ತಿದ್ದರು. ಓಬಣ್ಣನೇ ಹೊರಗೆ ಬಂದು ಅವನನ್ನು ಒಳಕೋಣೆಗೆ ಕರೆದುಕೊಂಡು ಹೋದ.

"ಲೇ ಸಿದ್ದ, ಎಷ್ಟು ದಿನ ಆತಲೇ! ಯಾಕ ಸುಮ್ನ ನಿಂತಿ? ಕೈಯಾಗ ಮೈಕ್ ಇಲ್ಲಂದ್ರ ಮಾತು ಬರಂಗಿಲ್ಲೇನು?"

"ಅಣ್ಣಾ, ಆ ನೀರಿನ ಮಸೂದಿಗೆ ನೀವು ಹೌದು ಅಂದ್ರೋ, ಇಲ್ಲ ಅಂದ್ರೋ?"

"ಎಲ್ಲಾರೂ ಅಂದ್ರು."

"ನೀವು?"

ಓಬಣ್ಣ ಚಹಾದ ಲೋಟವನ್ನು ಇವನ ಕಡೆಗೆ ಸರಿಸಿದ. "ನಾನೂ ಬಾಯಿ ತಗದೆ. ಏನು ಬಂತೋ, ನೆನಪಿಲ್ಲ ಬಿಡು."

"ಯಾರಾದ್ರೂ ಬರಕೊಂಡಿರ್ತಾರಲ್ಲ?"

"ಒಬ್ಬೊಬ್ಬರನ್ನ ಎಣಿಸಿದ್ರ ಬರಕೊಳ್ತಾರ. ಎಣಿಸ್ರಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

"ದೇಶನೂರಿಗೆ ಮಾತು ಕೊಟ್ಟಿದ್ವಿ ಅಣ್ಣಾ."

"ಕೊಟ್ಟಿದ್ವಿ ಅನಬ್ಯಾಡೋ. ಹಾಳ್ಯಾಗ ಅದು ಇರಲಿಲ್ಲ. ನೀನು ಹಚ್ಚಿದ್ದು ಅದು." ಧ್ವನಿಯಲ್ಲಿ ಕೋಪವಿರಲಿಲ್ಲ. "ನಿನ್ನ ಮೈಕಿಗೆ ಬಾಡಿಗಿ ಕೊಟ್ಟವರು ಯಾರು, ಹೇಳು? ನಾನಲ್ಲ. ನನ್ನ ಕಡಿ ರೊಕ್ಕ ಎಲ್ಲಿತ್ತು? ಕಾರ್ಖಾನಿಯವ ಕೊಟ್ಟ. ನೀನೂ ಇಸಗೊಂಡಿ, ನಾನೂ ಇಸಗೊಂಡೆ. ಈಗ ಅವ ನೀರು ಕೇಳಿದ. ಚಹಾ ಕುಡಿ, ಆರತೈತಿ."

ಹಾಲಸಿದ್ದಪ್ಪ ಚಹಾ ಕುಡಿದ. ಹೊರಗೆ ಕಾಯುತ್ತಿದ್ದವರು ಶಾಸಕರ ಗೆಳೆಯನೆಂದು ದಾರಿ ಬಿಟ್ಟರು.

ಮುಂದಿನ ವಾರ ಕುರುಗೋಡಿನಲ್ಲಿ ಒಂದು ಮದುವೆಯ ಕೆಲಸವಿತ್ತು. ಅದು ಮುಗಿದ ಮೇಲೆ ಸ್ಪೀಕರುಗಳನ್ನು ಇಳಿಸದೆ, ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ದೇಶನೂರಿಗೆ ಹೊರಟ. ಕಟ್ಟೆಯ ಹತ್ತಿರ ಇಳಿದು, ಮಾವನನ್ನು ಕರೆತರುವಂತೆ ಅಲ್ಲೇ ಇದ್ದ ಸಂಗಮೇಶನನ್ನು ಕಳಿಸಿದ. ವಿರೂಪಾಕ್ಷಪ್ಪನವರು ಬಂದರು. ಕಟ್ಟೆ ಹತ್ತದೆ ಕೆಳಗೇ ನಿಂತರು. ಹಿರಿಯರು ಯಾರೂ ಅವರಿಗೆ ಜಾಗ ಬಿಡಲಿಲ್ಲ.

"ಆವತ್ತಿನ ಮಾತು ಓಬಣ್ಣಂದಲ್ಲ" ಎಂದ ಹಾಲಸಿದ್ದಪ್ಪ. "ಬರದುಕೊಟ್ಟಿದ್ದರಾಗ ಅದು ಇರಲಿಲ್ಲ. ನಾನ ಸೇರಿಸಿ ಹೇಳಿದೆ. ಮಾವಾರಿಗೆ ಇದು ಗೊತ್ತಿರಲಿಲ್ಲ. ನಾನು ಹೇಳಿದ್ದನ್ನ ನಂಬಿ ಅವರು ನಿಮಗ ಹೇಳಿದ್ರು. ತಪ್ಪು ನಂದು, ಅವರದಲ್ಲ. ಮತ್ತ ನನ್ನ ಮೈಕಿಗೆ ಬಾಡಿಗಿ ಕೊಟ್ಟವನೂ ಕಾರ್ಖಾನಿ ಕಡಿಯವನ."

ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಮತ್ತೆ ಹಚ್ಚತೊಡಗಿದರು.

"ಭಲೇ ಭಾವ!" ಎಂದ ಸಂಗಮೇಶ. "ಆವತ್ತು ಓಣಿ ಓಣಿಗೆ ಒದರಿದ್ರಿ. ಇವತ್ತು ಕಟ್ಟಿ ಮುಂದ ನಿಂತು ಪಿಸಿಪಿಸಿ ಅಂದ್ರ ಹ್ಯಾಂಗ?"

ಎದುರು ಮನೆಯ ದುರುಗಮ್ಮ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಕಾಲುವೆಯ ನೀರು ಸಿಗದೆ ಅವಳ ಗದ್ದೆ ಈ ಬೇಸಿಗೆಗೆ ಬೀಳುಬಿದ್ದಿತ್ತು. ಅವಳು ತಲೆ ಎತ್ತದೆ ಹೇಳಿದಳು:

"ಆವತ್ತು ನಾ ಮನ್ಯಾಗ ಕುಂತ ಕೇಳಿದ್ದೆ. ಇದನ್ನೂ ಮನ್ಯಾಗ ಕುಂತ ಕೇಳತೀನಿ. ಮೈಕ್ ತಂದೀರಲ್ಲ, ಹೇಳ್ರಿ."

ಹಾಲಸಿದ್ದಪ್ಪ ಮಾವನ ಮುಖ ನೋಡಿದ. ವಿರೂಪಾಕ್ಷಪ್ಪನವರು ಆಟೋದ ಕಡೆಗೆ ನೋಡುತ್ತಿದ್ದರು. ಚನ್ನವೀರಮ್ಮ ಇಳಿದು ಮನೆಯ ಕಡೆಗೆ ನಡೆದಳು.

ಅವನು ಹಿಂದಿನ ಸೀಟಿನಲ್ಲಿ ಕುಳಿತ. ಸಂಗಮೇಶ ಆಟೋ ಓಡಿಸಿದ. "ನಾನು ನಿಮ್ಮೂರ ಅಳಿಯ ಹೇಳಾಕತ್ತೀನಿ" ಎಂದು ಹಾಲಸಿದ್ದಪ್ಪ ಶುರು ಮಾಡಿದ. ಎರಡನೇ ಬೆಳೆಯ ನೀರಿನ ಮಾತು ಸುಳ್ಳಾಯಿತು, ಆ ಮಾತು ತನ್ನದು, ವಿರೂಪಾಕ್ಷಪ್ಪನವರದಲ್ಲ, ಓಬಣ್ಣ ಸದನದಲ್ಲಿ ಇಲ್ಲ ಎನ್ನಲಿಲ್ಲ ಎಂದು ಹೇಳಿದ. ಬಾಗಿಲುಗಳಲ್ಲಿ ಜನ ನಿಂತರು. ಯಾರೂ ಬೈಯಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ. ತನ್ನ ಧ್ವನಿ ತನಗೇ ಬೇರೆಯವರ ಮನೆಯ ರೇಡಿಯೋದಂತೆ ಕೇಳುತ್ತಿತ್ತು ಎಂದು ಆಮೇಲೆ ನನಗೆ ಹೇಳಿದ. ಕೂಗಿ ಮುಗಿಸಿ ಮಾವನ ಮನೆಗೆ ಹೋದಾಗ ಬಡಿಸಿ ಇಟ್ಟಿದ್ದರು. ಕೈತೊಳೆದು ಕುಳಿತ. ರೊಟ್ಟಿ ಮುರಿದು ಬಾಯಿಗಿಟ್ಟ. ಪಲ್ಯಕ್ಕೆ ಉಪ್ಪು ಹಾಕಿದ್ದರೋ ಇಲ್ಲವೋ ತಿಳಿಯಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಯಾರೋ ವಿರೂಪಾಕ್ಷಪ್ಪನವರನ್ನು ಹೆಸರು ಹಿಡಿದು ಕರೆದರು. ಅವರು ಹೋಗಿ ಮಾತನಾಡಿ ಬಂದು ಅಳಿಯನ ಪಕ್ಕದಲ್ಲಿ ನಿಂತರು.

"ಹಿಂದಿನ ಓಣ್ಯಾಗ ಸರಿ ಕೇಳಿಸಿಲ್ಲಂತ, ಅಳಿಯಂದ್ರೇ" ಎಂದರು.

ಹಾಲಸಿದ್ದಪ್ಪ ತಟ್ಟೆ ಸರಿಸಿ, ಕೈತೊಳೆದು, ಎದ್ದು ಹೊರಗೆ ಹೋದ.