ತೆಪ್ಪಕ್ಕೆ ದೀಪ ಹಾಕುತ್ತಿದ್ದ ಮಹದೇವು

ನನ್ನ ತಮ್ಮ ಮಹದೇವುವಿನ ಅಂಗಿ ನೋಡಿದರೆ ಸಾಕು, ಅವನ ಕಸುಬು ತಿಳಿಯುತ್ತಿತ್ತು. ಎಷ್ಟು ಗಟ್ಟಿ ಬಟ್ಟೆಯಲ್ಲಿ ಹೊಲಿಸಿಕೊಟ್ಟರೂ ತಿಂಗಳೊಪ್ಪತ್ತಿನಲ್ಲಿ ಹೊಟ್ಟೆಯ ಭಾಗವೆಲ್ಲ ಜರಡಿ. ಬ್ಯಾಟರಿಯ ಆಸಿಡ್ ಹನಿ ಬಿದ್ದಲ್ಲೆಲ್ಲ ತೂತು. ಒಂಟಿಕೊಪ್ಪಲಿನಲ್ಲಿ ಸೈಕಲ್ ಶಾಪಿನ ಪಕ್ಕ ಒಂದು ಗೂಡಿನಂಥ ಅಂಗಡಿ ಇಟ್ಟುಕೊಂಡು ಲಾರಿ, ಬಸ್ಸು, ಕಾರುಗಳ ಬ್ಯಾಟರಿ ಚಾರ್ಜು ಮಾಡಿಕೊಡುತ್ತಿದ್ದ. ಕರೆಂಟಿಲ್ಲದ ಹಳ್ಳಿಗಳಿಂದ ರೇಡಿಯೋ ಬ್ಯಾಟರಿಗಳೂ ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಬಂದವರಿಗೆಲ್ಲ ಅವನದು ಒಂದೇ ಪಾಠ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಬಿಟ್ಟು ಬೇರೆ ನೀರು ಸೋಕಿಸಬಾರದು, ನಲ್ಲಿ ನೀರು, ಬಾವಿ ನೀರು ಹೋಯಿತೋ ಅದರ ಕಥೆ ಮುಗಿಯಿತು ಅನ್ನುತ್ತಿದ್ದ. ಕೇಳಿ ಕೇಳಿ ನಮ್ಮ ಬೀದಿಯ ಹಸುಗೂಸಿಗೂ ಅದು ಬಾಯಿಪಾಠ ಆಗಿತ್ತು. ಮುಂದೆ ಆದ ಅನಾಹುತಕ್ಕೆ ಈ ಪಾಠವೂ ಒಂದು ಕಾರಣ.

ನಮ್ಮ ಅವ್ವ ಬೆಟ್ಟಮ್ಮನದು ಇನ್ನೊಂದು ಥರದ ನೀರು. ಅದು ತೀರ್ಥ. ಅಪ್ಪ ಸತ್ತ ಮೇಲೆ ನರಸೀಪುರದ ಕಡೆಯ ಹಳ್ಳಿ ಬಿಟ್ಟು ಬಂದು, ಎರಡು ಎಮ್ಮೆ ಕಟ್ಟಿಕೊಂಡು, ಮನೆಮನೆಗೆ ಹಾಲು ಹಾಕಿ ನಮ್ಮಿಬ್ಬರನ್ನು ಸಾಕಿದವಳು ಅವಳು. ನಾನು ಪ್ರೈಮರಿ ಸ್ಕೂಲಿನ ಮೇಡಂ ಆದದ್ದು, ಅವನು ಬಸ್ ಶೆಡ್ಡಿನಲ್ಲಿ ಕೆಲಸ ಕಲಿತು ಅಂಗಡಿ ಇಟ್ಟದ್ದು, ಎಲ್ಲ ಆ ಎಮ್ಮೆಗಳ ಸೆಗಣಿ ಬಾಚಿದ ಕೈಗಳ ಪುಣ್ಯ. ಸೋಮವಾರ ಈಶ್ವರನ ಗುಡಿಯಿಂದ ತೀರ್ಥ ತಂದಳೆಂದರೆ ಎಮ್ಮೆಗೆ, ಒಲೆಗೆ, ನನ್ನ ಪಾಠದ ಪುಸ್ತಕಕ್ಕೆ, ಎಲ್ಲಕ್ಕೂ ಚಿಮುಕಿಸಬೇಕು. ತಮ್ಮನ ಬ್ಯಾಟರಿಗಳಿಗೂ ಕುಂಕುಮ ಇಟ್ಟು, ಹೂವಿನ ಎಸಳಲ್ಲಿ ಅದ್ದಿ ಒಂದು ಹನಿ. ಆಸಿಡ್ ತಾಗಿ ಕುಂಕುಮ ಹಳದಿಗೆ ತಿರುಗಿದರೆ ಒಂದಿಷ್ಟೂ ಬೇಸರವಿಲ್ಲದೆ ಮತ್ತೆ ಇಡುತ್ತಿದ್ದಳು. ಆದರೆ ಬ್ಯಾಟರಿಯ ಮುಚ್ಚಳ ಮುಟ್ಟಬಾರದು ಅಂತ ಮಗ ಹೇಳಿದ್ದ. ಮಗ ಹೇಳಿದ್ದನ್ನು ಅವಳು ಮೀರಿದವಳಲ್ಲ.

ಆ ಈಶ್ವರನಿಗೆ ಕಾರ್ತೀಕದಲ್ಲಿ ಗುಡಿಯ ಹಿಂದಿನ ಕೆರೆಯಲ್ಲಿ ತೆಪ್ಪ. ಖಾಲಿ ಪೀಪಾಯಿಗಳ ಮೇಲೆ ಬಿದಿರು ಹಲಗೆ ಬಿಗಿದು, ಮೇಲೆ ಮಂಟಪ ಕಟ್ಟಿ, ದೇವರನ್ನು ಕೂರಿಸಿ, ಗಳ ಹಿಡಿದವರು ಮೂರು ಸುತ್ತು ನೂಕಿಕೊಂಡು ಬರಬೇಕು. ಮೊದಲೆಲ್ಲ ಪಂಜು, ಗ್ಯಾಸ್‌ಲೈಟು. ಮಹದೇವು ಅಂಗಡಿ ಇಟ್ಟ ಮೇಲೆ ತೆಪ್ಪಕ್ಕೆ ಕರೆಂಟು ದೀಪ ಬಂತು. ದಡದಿಂದ ನೀರಿನ ನಡುವಿಗೆ ವೈರು ಎಳೆಯುವುದು ಆಗದ ಮಾತು. ಬೇಕಾದ ಕರೆಂಟನ್ನೆಲ್ಲ ಬ್ಯಾಟರಿಯಲ್ಲಿ ಹೊತ್ತುಕೊಂಡೇ ಹೋಗಬೇಕು, ಮುಗಿದರೆ ಅಲ್ಲಿ ಕೊಡುವವರಿಲ್ಲ. ಹಾಗಾಗಿ ನನ್ನ ತಮ್ಮ ಜಿಪುಣನಂತೆ ಖರ್ಚು ಮಾಡುತ್ತಿದ್ದ. ದೀಪಗಳನ್ನು ಎರಡು ಪಾಲು ಮಾಡಿ, ಜನ ನಿಂತ ದಡದ ಕಡೆಗಿರುವ ಪಾಲನ್ನಷ್ಟೇ ಉರಿಸುವುದು. ತೆಪ್ಪ ತಿರುಗಿದರೆ ಸ್ವಿಚ್ಚೂ ತಿರುಗಬೇಕು. ದಡದಲ್ಲಿರುವವರಿಗೆ ಇಡೀ ತೆಪ್ಪ ಝಗಝಗ, ಹಿಂಬದಿ ಕತ್ತಲು. ಇಷ್ಟು ಸಾಲದು ಅಂತ ಒಂದು ಬ್ಯಾಟರಿಯನ್ನು ಯಾವ ದೀಪಕ್ಕೂ ಕೊಡದೆ ಮಂಟಪದ ಕೆಳಗೆ ಬೇರೆಯಾಗಿ ಇಟ್ಟಿರುತ್ತಿದ್ದ. ಅದಕ್ಕೆ ದೇವರ ಬ್ಯಾಟರಿ ಅಂತ ಹೆಸರು. ಉಳಿದದ್ದೆಲ್ಲ ಸತ್ತರೂ ಸ್ವಾಮಿಯ ಮುಖ ಕಾಣುವಂತೆ ದಡ ಮುಟ್ಟಿಸಲಿಕ್ಕೆ ಅದು. ಅದನ್ನು ಬಳಸುವ ಸಂದರ್ಭ ಒಮ್ಮೆಯೂ ಬಂದಿರಲಿಲ್ಲ.

ರಾಜ್ಯ ಒಂದಾದ ವರ್ಷದ ಕಾರ್ತೀಕ ಅದು. ಊರಲ್ಲಿ ಎಲ್ಲಿ ನೋಡಿದರೂ ಸಭೆ, ಎಲ್ಲಿ ಕೇಳಿದರೂ ಮೈಕು. ಮಹದೇವು ಎಲ್ಲಿಂದಲೋ ಬ್ಯಾಟರಿಯಲ್ಲಿ ನಡೆಯುವ ಒಂದು ಮೈಕ್ ಸೆಟ್ ತಂದ. ನಾಗಸ್ವರ ಇಡೀ ಕೆರೆಗೆ ಕೇಳಲಿ ಅನ್ನುವುದು ನೆಪ. ನಿಜ ಏನೆಂದರೆ ಅವನಿಗೆ ತನ್ನ ದನಿಯ ಮೇಲೆ ವ್ಯಾಮೋಹ. ತೆಪ್ಪ ದಡ ಬಿಟ್ಟದ್ದೇ ಶುರುವಾಯಿತು ನೋಡಿ. ಸ್ವಾಮಿ ಈಗ ಪೂರ್ವ ದಿಕ್ಕಿಗೆ ಬಿಜಯಂಗೈಯುತ್ತಿದ್ದಾರೆ, ಮಹಾಜನಗಳು ಮೆಟ್ಟಿಲ ಮೇಲೆ ನೂಕಾಡಬಾರದು, ಎಳೆಮಕ್ಕಳನ್ನು ಕೈ ಬಿಡಬಾರದು. ನನ್ನ ಪಕ್ಕದಲ್ಲಿದ್ದ ಹೆಂಗಸರು, ಏನ್ ಮೇಡಮ್ಮಾ ನಿಮ್ಮ ತಮ್ಮ ಮಂತ್ರಿ ಆಗ್ಬುಡ್ತಾನೆ ಅಂತ ನಕ್ಕರು. ನನಗೂ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ. ಹಣ್ಣುಕಾಯಿ ತಟ್ಟೆ ಹಿಡಿದು ನಿಂತಿದ್ದ ಅವ್ವನಂತೂ ತನ್ನ ಮಗನ ದನಿ ನೀರಿನ ಮೇಲಿಂದ ಬರುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಎರಡನೇ ಸುತ್ತಿಗೆ ದನಿ ಸಣ್ಣಗಾಯಿತು. ದೀಪ ಕೆಂಪಿಗೆ ತಿರುಗಿತು. ಬಾಯಿ ಮುಚ್ಚಿಕೊಂಡು ಮೈಕು ಬಿಚ್ಚಿಟ್ಟಿದ್ದರೆ ಆಗುತ್ತಿತ್ತು. ಈ ಮಹಾರಾಯ ಮೈಕು ನಿಲ್ಲಬಾರದು ಅಂತ ಮಂಟಪದ ಕೆಳಗಿನ ಬ್ಯಾಟರಿಯನ್ನೂ ಎಳೆದು ಅದಕ್ಕೇ ಕಟ್ಟಿದ. ಇದು ನನಗೆ ಗೊತ್ತಾದದ್ದು ವರ್ಷದ ಮೇಲೆ. ದಡದಲ್ಲಿದ್ದ ನಮಗೆ ಕಂಡದ್ದು ಇಷ್ಟೇ: ಇನ್ನಷ್ಟು ಹೊತ್ತು ಅವನ ದನಿ ಕೇಳಿತು, ಆಮೇಲೆ ಮೈಕು ಕೀಚ್ ಅಂದು ಸತ್ತಿತು, ದೀಪವೆಲ್ಲ ಆರಿಹೋಯಿತು. ಕೆರೆಯ ನಡುವೆ ಸ್ವಾಮಿ ಕತ್ತಲಲ್ಲಿ. ಗಳದವರಿಗೆ ದಿಕ್ಕು ಸಿಗದೆ ತೆಪ್ಪ ಜೊಂಡಿನೊಳಗೆ ಹೋಗಿ ಕೂತಿತು. ಹೆಂಗಸರು ಅಪಶಕುನ ಅಂತ ಗಲ್ಲ ಗಲ್ಲ ಬಡಿದುಕೊಂಡರು, ಪಡ್ಡೆಗಳು ಸಿಳ್ಳೆ ಹಾಕಿದರು. ಯಾರೋ ಲಾಟೀನು ಹಿಡಿದು ನೀರಿಗಿಳಿದು ಹಗ್ಗ ಕಟ್ಟಿ, ತೆಪ್ಪವನ್ನು ದಡಕ್ಕೆ ಎಳೆದು ತಂದರು.

ಧರ್ಮದರ್ಶಿ ವೃಷಭೇಂದ್ರಪ್ಪನವರು ಮಂಡಿಯಲ್ಲಿ ಧಾನ್ಯದ ವ್ಯಾಪಾರ ಮಾಡುವವರು, ದೊಡ್ಡ ಮನುಷ್ಯರು, ಕೂಗಾಡುವ ಪೈಕಿ ಅಲ್ಲ. ಮೆಟ್ಟಿಲ ಮೇಲೆ ನಿಂತು, ಏನಾಯ್ತು ಮಹದೇವು, ಅಂದರು. ಅಷ್ಟೇ ಕೇಳಿದ್ದು. ಸುತ್ತ ಊರೆಲ್ಲ ಕಿವಿಯಾಗಿತ್ತು. ನನ್ನ ತಮ್ಮ ಅವರ ಮುಖ ನೋಡಿದ, ಜನರ ಮುಖ ನೋಡಿದ, ಆಮೇಲೆ ಅವ್ವನ ಕಡೆ ಬೆರಳು ತೋರಿಸಿದ.

"ನಮ್ಮವ್ವ ಬುದ್ಧಿ. ಬೆಳಿಗ್ಗೆ ಪೂಜೆ ಮಾಡೋವಾಗ ಬ್ಯಾಟ್ರಿ ಮುಚ್ಚಳ ತೆಗ್ದು ಒಳಕ್ಕೆ ತೀರ್ಥ ಹುಯ್ದುಬುಟ್ಟವ್ಳೆ."

ಎಲ್ಲರೂ ತಿರುಗಿ ನೋಡಿದರು. ಎಲ್ಲರೂ ನಂಬಿದರು. ಬೆಟ್ಟಮ್ಮನ ತೀರ್ಥದ ಹುಚ್ಚು ಗೊತ್ತಿಲ್ಲದವರು ಯಾರಿದ್ದರು? ಬೇರೆ ನೀರು ಸೋಕಿದರೆ ಬ್ಯಾಟರಿ ಸಾಯುತ್ತದೆ ಅನ್ನುವ ಪಾಠ ಕೇಳದವರು ಯಾರಿದ್ದರು? ಅವ್ವ ಒಂದು ಗಳಿಗೆ ಮಗನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ಹುಡುಕುವಂತಿತ್ತು. ಆಮೇಲೆ ತಟ್ಟೆ ಕೆಳಗಿಟ್ಟು, ತಪ್ಪಾಯ್ತು ಬುದ್ಧಿ, ಅಂತ ನೆಲ ಮುಟ್ಟಿ ಕೈ ಮುಗಿದಳು.

ಅವತ್ತಿನಿಂದ ಅವಳು ತೀರ್ಥದ ಬೆಟ್ಟಮ್ಮ. ಯಾರದೋ ಕರು ಸತ್ತರೆ ಅದಕ್ಕೂ ಇವಳೇ ಕಾರಣ, ಯಾರದೋ ಮಗಳಿಗೆ ಬಂದ ಸಂಬಂಧ ತಪ್ಪಿದರೆ ಅದಕ್ಕೂ ಇವಳೇ. ಸ್ವಾಮೀನ ಕತ್ತಲಲ್ಲಿ ಕೂರಿಸಿದವಳು ಅಂತ ಎದುರಿಗೇ ಅನ್ನುತ್ತಿದ್ದರು. ಅವಳು ಗುಡಿಯ ಒಳಗೆ ಹೋಗುವುದು ಬಿಟ್ಟಳು. ಬೆಳಗಾಗೆದ್ದು ಕೆರೆಯ ಮೆಟ್ಟಿಲು ಗುಡಿಸಿ, ಹೊರಗಿನಿಂದಲೇ ಕೈ ಮುಗಿದು ಬರುತ್ತಿದ್ದಳು. ತಮ್ಮನ ಅಂಗಡಿಗೆ ಕಾಲಿಡಲಿಲ್ಲ. ಎದುರು ಮನೆಯ ಬೀರಮ್ಮ ಕರೆದು ಹೊಸ ಹೊಲಿಗೆ ಮಿಷನ್ನಿಗೆ ಕುಂಕುಮ ಇಡು ಅಂದರೆ, ನನ್ ಕೈ ಸರಿಯಿಲ್ಲ ಕಣವ್ವ ಅಂತ ಸೆರಗಿನೊಳಗೆ ಕೈ ಮುಚ್ಚಿಕೊಂಡಳಂತೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳೇ ಒಪ್ಪಿಕೊಂಡಿದ್ದಾಳೆ, ನಾನು ಯಾರ ಮೇಲೆ ಜಗಳಕ್ಕೆ ಹೋಗಲಿ? ಅಷ್ಟು ಜನರೆದುರು ಹೆತ್ತವಳ ಹೆಸರು ಎತ್ತಿದೆಯಲ್ಲೋ ಅಂತ ತಮ್ಮನಿಗೆ ಬೈದೆ. ಅವನು ಮೆಟ್ಟಿಲು ಗುಡಿಸುವ ಅವ್ವ ಕಣ್ಣಿಗೆ ಬೀಳಬಾರದು ಅಂತ ಗುಡಿಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದ. ಊಟಕ್ಕೆ ಕೂತರೆ ಗೋಡೆ ಕಡೆ ಮುಖ. ವರ್ಷ ತುಂಬುವುದರೊಳಗೆ ಆಳು ಅರ್ಧ ಆಗಿದ್ದ.

ಮತ್ತೆ ಕಾರ್ತೀಕ ಬಂತು. ಒಂದು ಮಧ್ಯಾಹ್ನ ನಾನು ರಾಗಿ ಕೇರುತ್ತಿದ್ದೆ. ಮಹದೇವು ಬಂದು ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತ. ಅವ್ವ ಈ ಸಲ ತೆಪ್ಪದ ಹೊತ್ತಿಗೆ ಹಳ್ಳಿಗೆ ಹೊರಟುಹೋಗುತ್ತಾಳಂತೆ, ತನ್ನ ಕಣ್ಣು ಬಿದ್ದರೆ ಮತ್ತೆ ದೀಪ ಆರೀತು ಅನ್ನುತ್ತಾಳೆ ಅಂದ. ಅಂದವನು ಅಳತೊಡಗಿದ.

"ಅಕ್ಕ, ಅವ್ವ ಏನೂ ಹುಯ್ದಿರಲಿಲ್ಲ. ಮೈಕಿನ ಚಪಲಕ್ಕೆ ನಾನೇ ದೇವರ ಬ್ಯಾಟ್ರಿನೂ ಕಟ್ಬುಟ್ಟೆ. ಜನ ನಗ್ತಾರೆ ಅಂತ ಭಯ ಆಯ್ತು, ಬಾಯಿಗೆ ಅವಳ ಹೆಸರು ಬಂದ್ಬುಡ್ತು."

ಗಂಡಸಿಗೆ ಮೊರದಲ್ಲಿ ಹೊಡೆಯಬಾರದು ಅನ್ನುತ್ತಾರೆ. ಹೊಡೆದೆ. ಥೂ, ಎಮ್ಮೆ ಕರೆದು ನಿನ್ನ ಹೊಟ್ಟೆ ತುಂಬಿಸಿದವಳ ಹೆಸರೇ ಬೇಕಾಗಿತ್ತೇನೋ ನಿನಗೆ ಅಂದೆ. ನಾಚಿಕೆಯಲ್ಲಿ ನೆಲಕ್ಕಿಳಿದುಹೋದ. ನನಗೂ ಅಷ್ಟೇ ನಾಚಿಕೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. ಏಳು, ಯಾರ ಮುಂದೆ ಸುಳ್ಳು ಹೇಳಿದೆಯೋ ಅವರ ಮುಂದೆಯೇ ನಿಜ ಹೇಳು ಅಂತ ಆ ಬಿಸಿಲಲ್ಲೇ ಎಳೆದುಕೊಂಡು ಮಂಡಿಗೆ ಹೋದೆ.

ಅಲ್ಲಿ ವೃಷಭೇಂದ್ರಪ್ಪನವರ ಜೊತೆ ಗುಡಿಯ ಇನ್ನಿಬ್ಬರು ಯಜಮಾನರೂ ಕೂತಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಮಹದೇವು ಒಂದೂ ಮುಚ್ಚಿಡಲಿಲ್ಲ. ಮೈಕು, ಬ್ಯಾಟರಿ, ಭಯ, ಸುಳ್ಳು, ಎಲ್ಲ ಹೇಳಿ, ಅವ್ವನ ತಪ್ಪು ಎಳ್ಳಷ್ಟೂ ಇಲ್ಲ, ಊರ ಮುಂದೆ ನನಗೆ ಛೀಮಾರಿ ಹಾಕಿ ಅಂತ ಅಡ್ಡ ಬಿದ್ದ. ವೃಷಭೇಂದ್ರಪ್ಪನವರು ಅವನನ್ನು ಎತ್ತಿ ನಿಲ್ಲಿಸಿದರು. ನೋಡುತ್ತೇನೆ, ಅವರ ಕಣ್ಣಲ್ಲಿ ನೀರು.

"ನೋಡಿದ್ರೇನ್ರೀ," ಅಂತ ಪಕ್ಕದವರಿಗೆ ಹೇಳಿದರು, "ಹೆತ್ತವಳ ಮಾನ ಉಳಿಸೋಕೆ ತನ್ನ ಕಸುಬಿನ ಮಾನಾನೇ ಕಳ್ಕೊಳ್ಳೋಕೆ ಬಂದಿದ್ದಾನೆ. ಮಗ ಅಂದ್ರೆ ಇವನು."

ಇಲ್ಲ ಬುದ್ಧಿ, ಇದು ನಿಜ, ಅಂದ ಮಹದೇವು. ಅವರು ಅವನ ಬೆನ್ನು ತಟ್ಟಿದರು. ನಾನು ಬಾಯಿ ಹಾಕಿದೆ. ಅವತ್ತು ಬೆಳಿಗ್ಗೆ ಪೂಜೆ ಹೊತ್ತಲ್ಲಿ ನೀವು ಅಲ್ಲಿದ್ರೇನಮ್ಮಾ ಅಂತ ಕೇಳಿದರು. ನಾನು ಸ್ಕೂಲಿನಲ್ಲಿದ್ದೆ. ಬೆಟ್ಟಮ್ಮನೇ ನೆಲ ಮುಟ್ಟಿ ಒಪ್ಪಿಕೊಂಡಿದ್ದಾಳಲ್ಲ, ಅದಕ್ಕಿಂತ ಸಾಕ್ಷಿ ಬೇಕೇ ಅಂದರು. ಎಂಥ ವಿಚಿತ್ರ ನೋಡಿ, ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ ನಿಜವನ್ನು ಕಾಲಿಗೆ ಬಿದ್ದು ಹೇಳಿದರೂ ನಂಬಲಿಲ್ಲ.

ಸಂಜೆಯೊಳಗೆ ಮಾತು ಒಂಟಿಕೊಪ್ಪಲೆಲ್ಲ ಹಬ್ಬಿತು. ಮಹದೇವು ಎಷ್ಟು ಅಲ್ಲಗಳೆದರೆ ಅಷ್ಟು ಹೊಗಳಿಕೆ. ಬೀರಮ್ಮ ಓಡಿಬಂದು, ನಿನ್ ತಪ್ಪನ್ನ ನಿನ್ ಮಗ ತಲೆ ಮೇಲೆ ಹೊತ್ಕೊಳ್ಳೋಕೆ ಹೋಗಿದ್ನಂತೆ ಅಂತ ಅವ್ವನಿಗೆ ಹೇಳಿದಳು. ಗಂಟು ಕಟ್ಟಿಟ್ಟಿದ್ದ ಅವ್ವ ಹಳ್ಳಿಗೆ ಹೋಗುವುದು ನಿಲ್ಲಿಸಿದಳು. ಯಾಕೆಂದರೆ ತೆಪ್ಪದ ದಿನ ಮಹದೇವುಗೆ ಶಾಲು ಹೊದಿಸುತ್ತಾರಂತೆ, ಅದನ್ನು ನೋಡಬೇಕಂತೆ.

ಹೊದಿಸಿಯೂ ಬಿಟ್ಟರು. ಆ ಸಲ ಮೈಕಿರಲಿಲ್ಲ, ದೀಪಗಳು ಮೂರು ಸುತ್ತೂ ಚೆನ್ನಾಗಿ ಉರಿದವು. ತೆಪ್ಪ ದಡ ಮುಟ್ಟಿದ್ದೇ ಅದೇ ಮೆಟ್ಟಿಲ ಮೇಲೆ ಇವನನ್ನು ನಿಲ್ಲಿಸಿ, ಮಾತೃಭಕ್ತ ಅಂತ ಕರೆದು, ಹೆಗಲಿಗೆ ಶಾಲು ಹಾಕಿದರು. ನಾನು ಹೇಳೋದು ಕೇಳಿ ಅಂತ ಬಾಯಿ ತೆರೆದ. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಕುಗ್ಗಿ ನಿಂತಿದ್ದ. ಅವ್ವ ದೂರದ ಅರಳಿಮರದಡಿ, ಜನರಿಗೆ ಕಾಣದಂತೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮನೆಗೆ ಬಂದವನು ಶಾಲನ್ನು ಮೂಲೆಗೆ ಎಸೆದು ಅವ್ವನ ಮುಂದೆ ಕೂತ. ನಾನೂ ಅಲ್ಲೇ ಇದ್ದೆ. ಅವ್ವಾ, ನೀನು ಮುಚ್ಚಳ ಮುಟ್ಟಿರಲಿಲ್ಲ, ತೀರ್ಥ ಹುಯ್ದಿರಲಿಲ್ಲ, ಎಲ್ಲ ನಾನು ಕಟ್ಟಿದ ಸುಳ್ಳು ಅಂದ. ಅವಳ ಕಾಲು ಹಿಡಿದುಕೊಂಡ.

ಅವ್ವ ನಕ್ಕಳು. ಮಗು ಹಟ ಮಾಡಿದಾಗ ನಗುವ ನಗೆ.

"ನನ್ ಸಮಾಧಾನಕ್ಕೆ ಹೇಳ್ತಿದ್ದೀಯ ಕಣಪ್ಪ. ನಂಗೆ ಚೆನ್ನಾಗಿ ಗ್ಯಾಪಕ ಅದೆ. ಇದೇ ಕೈಯಲ್ಲಿ ಮುಚ್ಚಳ ತಿರುಗ್ಸಿ ತೆಗ್ದೆ. ತೀರ್ಥ ಹುಯ್ದಾಗ ಬುಸ್ ಅಂತ ಸದ್ದಾಯ್ತು. ಮೊದಮೊದಲು ಗ್ಯಾಪಕಕ್ಕೇ ಬರ್ತಿರಲಿಲ್ಲ. ಆಮೇಲಾಮೇಲೆ ಎಲ್ಲ ಕಣ್ಣಿಗೆ ಕಟ್ದಂಗೆ ಬಂತು."

ಊರು ಹೇಳಿ ಹೇಳಿ, ಮೆಟ್ಟಿಲು ಗುಡಿಸಿ ಗುಡಿಸಿ, ಮಾಡದ ತಪ್ಪನ್ನು ಅವಳು ತಾನೇ ಮಾಡಿದ್ದಾಗಿ ಕಂಡುಕೊಂಡಿದ್ದಳು. ಮಹದೇವು ಹಣೆ ಚಚ್ಚಿಕೊಂಡ. ಆಣೆ ಇಟ್ಟ. ನಾನೂ ಹೇಳಿದೆ, ಬೇಡಿದೆ, ಗದರಿದೆ. ಅವಳು ಕೇಳಿಸಿಕೊಳ್ಳುತ್ತ ಅವನ ತಲೆ ಸವರುತ್ತಲೇ ಇದ್ದಳು. ಕೊನೆಗೆ ಅವನ ಗಲ್ಲ ಎತ್ತಿ, ಬಲಗೈ ಚಾಚಿದಳು.

"ನನ್ ಪಾಪ ಇನ್ಯಾವತ್ತೂ ನಿನ್ ಮೇಲೆ ಹಾಕ್ಕೊಳ್ಳಲ್ಲ, ಯಾರ ಹತ್ರಾನೂ ಇಂಗೆ ಹೇಳಲ್ಲ ಅಂತ ಭಾಷೆ ಕೊಡು."

ಮಹದೇವು ನನ್ನ ಮುಖ ನೋಡಿದ. ಅವ್ವನ ಕೈ ಚಾಚಿಕೊಂಡೇ ಇತ್ತು. ಅವನು ತಲೆ ತಗ್ಗಿಸಿ ಅದರ ಮೇಲೆ ತನ್ನ ಕೈ ಇಟ್ಟ.