ಅಜ್ಜನ ರಿವಾಲ್ವರಿನ ಜೋಡಿ ಬಾಣ

ಯುದ್ಧಕಾಲದ ಹಳೆಯ ರಿವಾಲ್ವರುಗಳ ಮೇಲಿನ ಮುದ್ರೆ ಓದುವುದು ನನಗೆ ಅಂಟಿದ ಚಟ. ರೋಣದಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದರೆ ಫೋನಿನಲ್ಲಿ ಅವುಗಳ ಚಿತ್ರ ನೋಡುತ್ತ ಕೂರುತ್ತಿದ್ದೆ. ನಿಜವಾದದ್ದನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ.

ಗಜೇಂದ್ರಗಡದಲ್ಲಿ ಸೀರೆ ನೇಯುವ ನನ್ನ ಸೋದರಮಾವನ ಮನೆಯಲ್ಲಿ ಅಂಥದೊಂದು ಇತ್ತು. ಯುದ್ಧದಲ್ಲಿ ಅಜ್ಜನ ಶೌರ್ಯ ಮೆಚ್ಚಿ ಬ್ರಿಟಿಷ್ ದಂಡಿನ ದೊಡ್ಡ ಸಾಹೇಬನೊಬ್ಬ ಸೊಂಟದಿಂದ ಬಿಚ್ಚಿ ಕೊಟ್ಟದ್ದಂತೆ. ಮಾವ ಪ್ರತಿಸಲ ಹೇಳುವಾಗಲೂ ಸಾಹೇಬನಿಗೆ ಒಂದು ಬಡ್ತಿ ಸಿಗುತ್ತಿತ್ತು. ಖಂಡೇನವಮಿಗೆ ಅದಕ್ಕೆ ಪೂಜೆ; ಮುಟ್ಟಲು ಯಾರಿಗೂ ಅಪ್ಪಣೆಯಿಲ್ಲ.

ಈ ಸಲ ಚುನಾವಣೆಯ ನಿಯಮದಂತೆ ಅದನ್ನು ಠಾಣೆಗೆ ಒಪ್ಪಿಸಿ ವಾಪಸು ತಂದ ದಿನವೇ ಮಾವ ಫೋನ್ ಮಾಡಿದರು. "ಅಳಿಯಾ, ಗುರ್ತು ಒಂದೂ ಕಾಣವಲ್ದು ಅಂತಾರ ಪೊಲೀಸ್ರು. ಲಗೂನ ಬಾ."

ಕಾಣುವುದಾದರೂ ಹೇಗೆ? ವರ್ಷಗಟ್ಟಲೆಯ ಕುಂಕುಮ, ಅರಿಷಿಣ ಗಟ್ಟಿಯಾಗಿ ಕೂತಿತ್ತು. ಅತ್ತೆ ಕೊಬ್ಬರಿ ಎಣ್ಣೆ, ಹಳೆಯ ಹಲ್ಲಿನ ಬ್ರಷ್ ತಂದುಕೊಟ್ಟರು. ತಿಕ್ಕಿದಂತೆ ಮೊದಲು ಕಿರೀಟ ಕಂಡಿತು, ಆಮೇಲೆ ಎರಡು ಪುಟ್ಟ ಬಾಣಗಳು, ಮೂತಿಗೆ ಮೂತಿ ತಾಗಿಸಿಕೊಂಡು. ನನ್ನ ಕೈ ನಿಂತಿತು.

"ಮಾವಾ, ಒಂದ ಬಾಣ ಇದ್ರ ಸರ್ಕಾರದ್ದಂತ ಅರ್ಥರಿ. ಹಿಂಗ ಎರಡು ಎದುರಾಬದುರು ಇದ್ರ, ದಂಡಿನವ್ರು ಬ್ಯಾಡಂತ ಮಾರಿದ್ದು."

"ಮಾರಿದ್ದಾ? ಸಾಹೇಬ ಕೊಟ್ಟಿದ್ದೋ!"

ಒಳಗಿಂದ ಅತ್ತೆ ನಕ್ಕರು. "ನಿಮ್ಮಜ್ಜಿ ನನಗ ಯಾವಾಗೋ ಹೇಳಿದ್ರಪಾ. ಗುಡ್ಡದ ಮಂಗ್ಯಾ ಹೆದರ್ಸಾಕಂತ ನಿಮ್ಮಜ್ಜ ಕೊಂಡು ತಂದಿದ್ರಂತ."

"ಹೆದರಿದ್ವೇನ್ರಿ?"

"ಎಲ್ಲಿ! ಅವ್ರ ಟೊಪ್ಪಿಗೀನ ಕಸಗೊಂಡು ಹೋದ್ವಂತ."

ಮಾವ ಮಗ್ಗದ ಮುಂದೆ ಮುಖ ಊದಿಸಿಕೊಂಡು ಕೂತರು. ಊಟಕ್ಕೂ ಏಳಲಿಲ್ಲ. ನನಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು ಅನ್ನಿಸಿತು. ಸಂಜೆ ಮಾತ್ರ ಮಾವ ಮತ್ತೆ ರಿವಾಲ್ವರ್ ಕೈಗೆತ್ತಿಕೊಂಡು ಬಾಣಗಳನ್ನೇ ದಿಟ್ಟಿಸಿ, "ಏನರ ಇರ್ಲಿ, ಗುರ್ತು ಭಾಳ ಚಲೋ ಐತಿ" ಎಂದರು.

ಆ ಜೋಡಿ ಬಾಣವನ್ನು ಸೀರೆಯ ಅಂಚಿಗೆ ಹಾಕಿಯೇಬಿಟ್ಟರು. ನರಗುಂದದ ನೆಂಟರ ಮದುವೆಯಲ್ಲಿ ಮದುಮಗಳಿಂದ ಹಿಡಿದು ಬಡಿಸುವವರವರೆಗೆ ಎಲ್ಲರೂ ಉಟ್ಟದ್ದು ಅದೇ ಸೀರೆ. ದಂಡಿನವರು ಬೇಡವೆಂದು ಮಾರಿದ ಸಾಮಾನೆಂಬ ಮುದ್ರೆ ಹೊತ್ತು ಅಷ್ಟೂ ಹೆಂಗಸರು ಮಂಟಪದ ತುಂಬ ಓಡಾಡುತ್ತಿದ್ದರು.

"ಇದೇನ್ ಗುರ್ತರಿ?" ಎಂದು ಬೀಗಿತ್ತಿ ಕೇಳಿದರು.

"ಗಂಡ ಹೆಂಡ್ತಿ ಮನಸ್ಸು ಕೂಡಿದ್ದರಿ" ಎಂದರು ಮಾವ, ರೆಪ್ಪೆಯೂ ಬಡಿಯದೆ.

ನಾನು ಬುಂದೆ ಉಂಡೆಯನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡೆ.

ನರೇಗಲ್ಲಿನ ಹೆಂಗಸೊಬ್ಬರು ಮತ್ತೊಂದು ಗುರುತಿನ ಸೀರೆ ಬೇಕೆಂದರು. ಮಾವ ರಿವಾಲ್ವರಿನ ಮೇಲಿದ್ದ ಕಿರೀಟ ನೇಯ್ದರು. ಅದು ಥೇಟ್ ಬದನೆಕಾಯಿಯಾಗಿ ಬಂತು. ಈಗ ಮಾವನ ಮನೆಯಿಂದ ಹೆಚ್ಚು ಮಾರಾಟವಾಗುವುದು ಬದನೆಕಾಯಿ ಸೀರೆಯೇ.