ಸಿರಿಲ್ ಅಂಕಲ್ ಮತ್ತು ರಾಣಿಯ ಕೋಟು

ಸಿರಿಲ್ ಅಂಕಲ್ ನಾಯಿಯನ್ನು ನೀರಿಗೆ ಬಿಡುವ ಮೊದಲು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ತಾವೇ ಮೊಣಕಾಲುದ್ದ ಇಳಿದು ನಿಲ್ಲುತ್ತಿದ್ದರು. ಅದೂ ಮೆಲ್ಬರ್ನಿನ ಜೂನ್ ಚಳಿಯಲ್ಲಿ! ತಮ್ಮ ಕಾಲು ಮರಗಟ್ಟಿದರೆ ಅಂದು ಪಾಠವಿಲ್ಲ. "ನಾಯಿ ‘ಸಾಕು’ ಅಂತ ಹೇಳುವುದಿಲ್ಲ ಮಾರಾಯ್ತಿ. ಸಾಯುವವರೆಗೂ ಈಜ್ತದೆ. ನಾವೇ ನೋಡಿಕೊಳ್ಬೇಕು," ಎನ್ನುತ್ತಿದ್ದರು.

ಮಂಗಳೂರಿನವರು, ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು, ನಮ್ಮ ಪಕ್ಕದ ಮನೆ. 1990ರ ಆಸುಪಾಸಿನಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ಬಂದಾಗ ಇಡೀ ಬೀದಿಯಲ್ಲಿ ನನ್ನೊಡನೆ ಕನ್ನಡ ಆಡಿದ್ದು ಅವರು, ಅವರ ಹೆಂಡತಿ ಹಿಲ್ಡಾ ಆಂಟಿ ಇಬ್ಬರೇ. ಬಾತುಕೋಳಿ ಬೇಟೆಯಲ್ಲಿ ಗುಂಡೇಟು ತಿಂದು ಕೆರೆಗೆ ಬಿದ್ದ ಹಕ್ಕಿಯನ್ನು ಈಜಿ ತರಲು ಅವರು ಲ್ಯಾಬ್ರಡಾರ್‌ಗಳನ್ನು ಪಳಗಿಸುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ನಾನು ಆ ಬೇಟೆಯನ್ನು ಬಾಯ್ತುಂಬ ಬೈಯುತ್ತಿದ್ದೆ. ಆದರೂ ರಾಣಿ ಎಂಬ ಕರಿ ನಾಯಿ ಹಕ್ಕಿಯ ಬದಲು ನೀರಿಗೆ ಎಸೆದ ಕ್ಯಾನ್ವಾಸ್ ಗಂಟನ್ನು ಹಲ್ಲೂರದೆ ಕಚ್ಚಿ ತಂದು ಅವರ ಅಂಗೈಯಲ್ಲಿಡುವುದನ್ನು ನೋಡಲು ಪ್ರತಿ ಭಾನುವಾರ ಹೊರಡುತ್ತಿದ್ದೆ. ಅದು ಮೇಲೆ ಬಂದೊಡನೆ ತಮ್ಮ ಸ್ವೆಟರ್ ಬಿಚ್ಚಿ ಮೈ ಒರೆಸುವರು.

"ನಿಮಗೇ ನೆಗಡಿ ಆಗುತ್ತೆ ಅಂಕಲ್!"

"ನನಗೆ ಕಷಾಯ ಮಾಡ್ಲಿಕ್ಕೆ ಹಿಲ್ಡಾ ಇದ್ದಾಳೆ. ಇದಕ್ಕೆ ಯಾರುಂಟು?"

ರಾಣಿಯ ಮೊದಲ ಬೇಟೆಗೆ ಮುಂಚೆ, ಕಡಲಿನಲ್ಲಿ ಈಜುವವರು ತೊಡುವ ಹಳೆಯ ರಬ್ಬರ್ ಸೂಟೊಂದನ್ನು ತಂದುಕೊಟ್ಟರು. "ಇದರಲ್ಲಿ ಇವಳಿಗೊಂದು ಕೋಟು ಹೊಲಿ. ಮೈಗೆ ಅಂಟಿ ಕೂರಬೇಕು. ಕಂಕುಳಲ್ಲಿ ಬೆರಳು ತೂರಬಾರದು." ಆದರೆ ರಾಣಿಗೆ ವರ್ಷವಷ್ಟೇ ತುಂಬಿತ್ತು, ಇನ್ನೂ ಬೆಳೆಯುವ ಮೈ. ಬೆಳೆಯುವ ಮಕ್ಕಳಿಗೆ ಬಿಗಿಯಾಗಿ ಹೊಲಿದವರು ನಮ್ಮ ಮನೆಯಲ್ಲೇ ಇಲ್ಲ. ಎರಡು ಬೆರಳು ಸಡಿಲ ಬಿಟ್ಟೆ. ದೊಡ್ಡ ಜಾಣೆ ನಾನು!

ಬೇಟೆಯ ದಿನ ನನ್ನ ಕೋಟು ನೋಡಲೆಂದೇ ನಾನೂ ಹೋಗಿದ್ದೆ. ಕೆರೆಯಲ್ಲಿ ಮುಳುಗಿದ್ದ ಕೊಂಬೆಯೊಂದು ಆ ಸಡಿಲಿನೊಳಗೆ ತೂರಿ ರಾಣಿ ಸಿಕ್ಕಿಕೊಂಡಿತು. ತಲೆ ಎರಡು ಸಲ ಮುಳುಗಿದ್ದನ್ನು ದಡದಿಂದ ನೋಡಿದೆ. ಅಂಕಲ್ ಬಟ್ಟೆ ಸಮೇತ ಎದೆಮಟ್ಟದ ನೀರಿಗೆ ನುಗ್ಗಿ, ಚಾಕುವಿನಿಂದ ಕೋಟು ಸೀಳಿ, ನಾಯಿಯನ್ನು ಎತ್ತಿಕೊಂಡು ಬಂದರು. ರಾಣಿ ಬದುಕಿತು. ಅವರಿಗೆ ನ್ಯುಮೋನಿಯಾ ಆಯಿತು.

ಆಸ್ಪತ್ರೆಯಲ್ಲಿ ತಡೆಯಲಾರದೆ ಹೇಳಿಬಿಟ್ಟೆ, "ಅಂಕಲ್, ಕೋಟು ಸಡಿಲ ಬಿಟ್ಟಿದ್ದು ನಾನೇ. ಬೇಕಂತಲೇ."

"ಗೊತ್ತುಂಟು. ಹಾಕುವಾಗಲೇ ನೋಡಿದೆ."

"ನೋಡಿಯೂ ಸುಮ್ನಿದ್ರಾ?"

ಕೆಮ್ಮು ನಿಲ್ಲಲು ಹೊತ್ತಾಯಿತು. "ನೀನು ಅಷ್ಟು ಖುಷಿಯಲ್ಲಿ ಎದುರೇ ನಿಂತಿದ್ದಿ ಮಾರಾಯ್ತಿ. ಸರಿಯಾಗ್ಲಿಲ್ಲ ಅಂತ ಹೇಗೆ ಹೇಳುವುದು?"

ಆ ವಾರವೇ ಹೋಗಿಬಿಟ್ಟರು. ಇಷ್ಟು ವರ್ಷವಾದರೂ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಒಂದು ಮಾತು ಹೇಳಬಾರದಿತ್ತೇ, ಪುಣ್ಯಾತ್ಮ? ಅಲ್ಲೇ ಕೂತು ಬಿಚ್ಚಿ ಹೊಲಿದು ಕೊಡುತ್ತಿರಲಿಲ್ಲವೇ ನಾನು?